ಸ್ಯಾಂಪಲ್ ಮನೆಯ ಸೂರು

ಮೂವತ್ತೊಂಬತ್ತನೆಯದೂ ಸರಿಯಾಗಿ ತುಂಡಾಯಿತು. ಸೊಹೈಲ ಕಟರಿನ ಹಿಡಿಕೆಯನ್ನು ಎತ್ತಿ ಇನ್ನೊಂದು ಶಿಂಗಲ್ ಹಾಳೆಯನ್ನು ಬ್ಲೇಡಿನ ಕೆಳಗೆ ಸರಿಸಿದ. ಸೂರಿಗೆ ಹೊದಿಸುವ ಡಾಂಬರಿನ ಹಾಳೆ. ಮುಖದ ಮೇಲೆ ಒರಟು ಮರಳು, ಬೆನ್ನು ನುಣುಪು. ಮರಳಿನ ಮೇಲೆ ಪೆನ್ಸಿಲು ಮೂಡುವುದಿಲ್ಲವೆಂದು ಬೆನ್ನಿನ ಮೇಲೆ ಓರೆಗೆರೆ ಎಳೆದಿದ್ದ. ಡಿಪ್ಲೊಮಾದಲ್ಲಿ ಕಲಿತ ಕೋನ. ಒಂದು ಡಿಗ್ರಿಯೂ ಆಚೀಚೆ ಇಲ್ಲ.

ಮುಂಬೈಯ ಪರೇಲಿನ ಒಂದು ದೊಡ್ಡ ಹಾಲ್‌ನೊಳಗೆ ಗಿರಾಕಿಗಳಿಗೆ ತೋರಿಸಲು ಒಂದು ಮನೆ ಎದ್ದಿತ್ತು. ಸೂರಿನ ಮೇಲೆ ಸೀಲಿಂಗು, ಸೀಲಿಂಗಿನಲ್ಲಿ ಎಸಿ. ಸದ್ದಾಗಬಾರದು, ಮಷೀನು ಬೇಡ, ಕೈಕಟರೇ ಸಾಕು ಎಂದಿದ್ದರು.

ಎಡಗಡೆಯ ಇಳಿಜಾರು ಮಾಮು ಅಲ್ಲಾಬಕ್ಷನ ಕೈಯಲ್ಲಿ ನಿನ್ನೆಯೇ ಮುಗಿದಿತ್ತು. ಅವನು ಪ್ರತಿ ತುಂಡನ್ನೂ ಏಣಿ ಹತ್ತಿ ಹಚ್ಚಿ ನೋಡಿ, ಇಳಿದು, ಮತ್ತೆ ಕತ್ತರಿಸುವವನು. ಬಲಗಡೆ ಸೊಹೈಲನದು. "ಇದು ನೀಟಾಗಿ ಬಂದರೆ ಸೋಮವಾರದಿಂದ ನಮ್ಮ ಡ್ರಾಯಿಂಗ್ ಸೆಕ್ಷನ್‌ಗೆ ಬಾ," ಎಂದಿದ್ದಳು ಡಿಸೈನರ್ ತನುಶ್ರೀ. ಬೆಂಗಳೂರಿನವಳು. ಇವನ ಕನ್ನಡ ಕೇಳಿ ನಕ್ಕಿದ್ದಳು. ಅದು ಎಂಥ ನಗೆಯೆಂದು ಬೊರಿವಲಿಯವರೆಗೂ ಲೋಕಲ್ ರೈಲಿನಲ್ಲಿ ನೇತಾಡುತ್ತ ಯೋಚಿಸಿದ್ದ.

"ಇಂಜಿನಿಯರ್ ಸಾಹೇಬ್ರ, ಒಂದರೆ ಹಚ್ಚಿ ನೋಡ್ರಿ!" ಏಣಿಯ ಮೇಲಿಂದ ಮಾಮು ಕೂಗಿದ.

"ಲೆಕ್ಕಾ ಮಾಡೀನಿ, ಮಾಮು."

"ಸೂರಿಗೆ ಗೊತ್ತೈತೇನು ನಿನ್ನ ಲೆಕ್ಕಾ?"

ಸೊಹೈಲ ನಲವತ್ತನೆಯದನ್ನೂ ಕತ್ತರಿಸಿ ಕಟ್ಟನ್ನು ಮೇಲೆ ಕೊಟ್ಟ.

ಮಾಮು ಮೊದಲ ತುಂಡನ್ನು ಮಗುಚಿ, ಮರಳು ಮೇಲಾಗಿ ಇಟ್ಟ. ಓರೆ ಅತ್ತ ಹೋಗಬೇಕಿತ್ತು, ಇತ್ತ ಬಂತು. ಎರಡನೆಯದೂ. ಬೆನ್ನಿನ ಮೇಲೆ ಎಳೆದ ಗೆರೆ ಮಗುಚಿದಾಗ ದಿಕ್ಕು ಬದಲಿಸುತ್ತದೆ. ನಲವತ್ತೂ ಅಷ್ಟೇ ನಿಖರವಾಗಿ ತಪ್ಪಾಗಿದ್ದವು.

ಮಾಮು ಬೈದಿದ್ದರೆ ಚೆನ್ನಾಗಿತ್ತು. "ಹಾಳಿ ಮುಗದಾವಲ್ಲೋ," ಎಂದ ಮೆಲ್ಲಗೆ.

ಅಷ್ಟರಲ್ಲಿ ತನುಶ್ರೀ ಫೋಟೋದವನನ್ನು ಕರೆದುಕೊಂಡು ಬಂದಳು.

"ಮೇಡಮ್, ಬಲಗಡೆ ಕೆಟ್ಟೈತಿ. ನಂದ ತಪ್ಪು," ಎಂದ ಸೊಹೈಲ.

ಅವಳು ಕತ್ತೆತ್ತಿದಳು. ಸಂದುಗಳಲ್ಲಿ ಪ್ಲೈವುಡ್ ಕಾಣುತ್ತಿತ್ತು.

"ಹಾಗೇ ಅಂಟಿಸಿಬಿಡಿ. ಆ ಸೈಡ್ ಫೋಟೋಗೆ ಬರಲ್ಲ. ಇಲ್ಲೇನು ಮಳೆ ಬರುತ್ತಾ?"

"ಮತ್ತ ಸೋಮವಾರ..."

"ಯಾವ ಸೋಮವಾರ?"

ಅವಳಿಗೆ ನಿಜವಾಗಿಯೂ ನೆನಪಿರಲಿಲ್ಲ. ಕೆಲಸ ಸರಿಯಾಗಿದ್ದರೂ ಅವಳು ಇದನ್ನೇ ಕೇಳುತ್ತಿದ್ದಳು. ಸೊಹೈಲನಿಗೆ ಒಮ್ಮೆಲೇ ತನ್ನ ತಪ್ಪೂ ಲೆಕ್ಕಕ್ಕಿಲ್ಲವೆನ್ನಿಸಿತು.

ಯಾರಾದರೂ ನಿಲ್ಲದಿದ್ದರೆ ಮನೆಯ ಸೈಜು ತಿಳಿಯುವುದಿಲ್ಲವೆಂದು ಫೋಟೋದವನು ಹಿಂದಿಯಲ್ಲಿ ಗೊಣಗಿದ.

"ನೀನೇ ನಿಲ್ಲು," ಎಂದಳು ತನುಶ್ರೀ. "ಮುಖ ಆ ಕಡೆ. ಈಗಷ್ಟೇ ಮನೆಗೆ ಬಂದ ಹಾಗೆ, ಬಾಗಿಲ ಹಿಡಿಕೆ ಹಿಡಿ."

ಸೊಹೈಲ ಹಿಡಿದ. ಹಿಡಿಕೆ ತಿರುಗಿತು. ಬಾಗಿಲು ತೆರೆಯಲಿಲ್ಲ, ಅದನ್ನು ಗೋಡೆಗೆ ಅಂಟಿಸಿದ್ದರು. ಬಲಗಡೆ, ಕ್ಯಾಮೆರಾಗೆ ಕಾಣದಲ್ಲಿ, ಮಾಮು ತಪ್ಪು ತುಂಡುಗಳನ್ನು ಒಂದೊಂದಾಗಿ ಅಂಟಿಸುತ್ತಿದ್ದ. ಮರಳು ಸಣ್ಣಗೆ ಉದುರುತ್ತಿತ್ತು.

"ಇನ್ನೊಂದ್ ಸಲ," ಬೆನ್ನ ಹಿಂದಿನಿಂದ ದನಿ ಬಂತು.

ಸೊಹೈಲ ನಾಲ್ಕು ಹೆಜ್ಜೆ ಹಿಂದೆ ಸರಿದು, ಮತ್ತೆ ಮನೆಗೆ ಬಂದ.