ಸೇತುವೆ ಮೇಲಿನ ಧಾಟಿ

“ಎದಿಗಿ ಕಟಗೊಂಡಿದ್ದ ಪೇಟಿ ಅದು. ಹಿಂಗ ಎಳಿತಿದ್ದ, ಹಿಂಗ ಒತ್ತತಿದ್ದ,” ಎಂದು ಮರಿಲಿಂಗಮ್ಮ ಎರಡೂ ಕೈ ಅಗಲಿಸಿ ತೋರಿಸುತ್ತಿದ್ದಳು. “ಮುದುಕ ಮನಷ್ಯಾ. ನದಿ ಬ್ರಿಜ್ಜಿನ ಮ್ಯಾಲ ನಿಂತು ಬಾರ್ಸಾಕತ್ತಿದ್ದ. ನಾ ಅಲ್ಲೇ ಕುಂತಬಿಟ್ಟೆ. ಕಣ್ಣಾಗ ನೀರು ಬಂದ್ವು.”

ಕೊಂಕಲ್ ಊರಿನ ಹನುಮಂದೇವರ ಕಟ್ಟೆಯ ಮೇಲೆ ಶನಿವಾರದ ಭಜನೆಗೆ ಕೂಡಿದ್ದ ಜನ ಬಾಯಿ ತೆರೆದುಕೊಂಡು ಕೇಳುತ್ತಿದ್ದರು. ಅವಳು ಪ್ರಾಗ್ ಎಂಬ ಊರಿನಲ್ಲಿ ಹಾಡಿ ಬಂದು ಇನ್ನೂ ಎಂಟು ದಿನವಾಗಿರಲಿಲ್ಲ. ಈ ಸೇತುವೆಯ ಕಥೆ ಆಗಲೇ ನಾಲ್ಕನೆಯ ಸಲ. ದುರಗಮ್ಮ ಏಕತಾರಿಯ ತಂತಿ ಬಿಗಿ ಮಾಡುತ್ತ ಕೇಳಿಸದವಳಂತೆ ಕೂತಿದ್ದಳು. ಕಿವಿ ಮಾತ್ರ ಅಲ್ಲೇ ಇತ್ತು.

ಮೂವತ್ತು ವರ್ಷ ಇಬ್ಬರೂ ಜೋಡಿಯಾಗಿ ತತ್ವಪದ ಹಾಡಿದವರು. ದುರಗಮ್ಮ ಮುಂದೆ ಕೂತು ನುಡಿ ಹೇಳಬೇಕು, ಅವಳು ನಿಲ್ಲಿಸಿದೊಡನೆ ಮರಿಲಿಂಗಮ್ಮ ಹಿಂದಿನಿಂದ ಎತ್ತಿಕೊಳ್ಳಬೇಕು. ಪರದೇಶಕ್ಕೆ ಹೋಗುವ ತಂಡಕ್ಕೆ ಹಾಡುವವರನ್ನು ಆರಿಸಲು ಬೆಂಗಳೂರಿನಿಂದ ಬಂದ ಅಧಿಕಾರಿ ಮೊದಲು ಕೇಳಿದ್ದೂ ದುರಗಮ್ಮನನ್ನೇ. “ನಾ ಒಲ್ಲೆರಿ, ನಂದೇನು ದೊಡ್ಡ ಹಾಡು,” ಅಂದಿದ್ದಳು. ಊಟಕ್ಕೆ ಕೂತವರು ಎರಡನೇ ರೊಟ್ಟಿಗೆ ಒಲ್ಲೆ ಅನ್ನುವುದಿಲ್ಲವೇ, ಹಾಗೆ. ಇನ್ನೆರಡು ಸಲ ಕೇಳಲಿ ಎಂದು ಸೆರಗು ಸರಿಮಾಡಿಕೊಂಡು ಕಾದಳು. ಆ ಪುಣ್ಯಾತ್ಮನಿಗೆ ನಮ್ಮ ಕಡೆಯ ರೀತಿ ಏನು ಗೊತ್ತು? ಒಲ್ಲೆ ಅಂದರೆ ಒಲ್ಲೆ ಎಂದೇ ತಿಳಿದು, ಮರಿಲಿಂಗಮ್ಮನ ಹೆಸರು ಬರೆದುಕೊಂಡು ಜೀಪು ಹತ್ತಿದ.

ಅವಳು ವಿಮಾನ ಹತ್ತಿದ್ದಕ್ಕೆ ದುರಗಮ್ಮನಿಗೆ ಹೊಟ್ಟೆಕಿಚ್ಚು ಇರಲಿಲ್ಲವೆಂದಲ್ಲ, ಇತ್ತು. ಅದನ್ನು ಹೇಗೋ ನುಂಗಿಕೊಂಡಿದ್ದಳು. ನುಂಗಲಾಗದಿದ್ದದ್ದು ಆ ಮುದುಕನನ್ನು. ಮೂವತ್ತು ವರ್ಷ ಬೆನ್ನಹಿಂದೆ ಕೂತು ಕೇಳಿದವಳು ಒಂದು ದಿನವಾದರೂ “ಅಕ್ಕ, ಇವತ್ತ ಛಲೋ ಹಾಡಿದಿ” ಅಂದವಳಲ್ಲ. ಈಗ ಹೆಸರು ಗೊತ್ತಿಲ್ಲದ, ಮಾತು ತಿಳಿಯದ ಯಾವನೋ ಬೀದಿಯವನ ಮುಂದೆ ಕೂತು ಅಳುತ್ತಾಳಂತೆ. ದುರಗಮ್ಮ ಬಿಗಿಯಾಗಿದ್ದ ತಂತಿಯನ್ನೇ ಮತ್ತೊಂದು ಸುತ್ತು ಬಿಗಿದಳು.

“ಆ ಧಾಟಿ ಒಂದೀಟು ಅಂದು ತೋರ್ಸು ಚಿಗವ್ವ, ನಾನೂ ಹಿಡದು ನೋಡ್ತೀನಿ,” ಎಂದ ಭಜನೆಯ ಪೇಟಿ ನುಡಿಸುವ ಮಲ್ಲಿನಾಥ.

ಮರಿಲಿಂಗಮ್ಮ ಕಣ್ಣು ಮುಚ್ಚಿ ಗುನುಗತೊಡಗಿದಳು. ಧಾಟಿ ಮೆಲ್ಲಗೆ ಏರಿತು, ಒಂದು ಕಡೆ ಬಾಗಿತು, ಮತ್ತೆ ಮೇಲೆ ಹೋಗುವಲ್ಲಿ ತಪ್ಪಿತು. ಮೊದಲಿನಿಂದ ಹಿಡಿದಳು. ಅಲ್ಲೇ ಬಂದು ಮತ್ತೆ ನಿಂತಳು. ದಾರಿ ತಪ್ಪಿದಾಗಲೆಲ್ಲ ಮಾಡುವ ಹಾಗೆ ಕಣ್ಣು ತೆರೆದು ದುರಗಮ್ಮನ ಮುಖ ನೋಡಿದಳು.

ದುರಗಮ್ಮನಿಗೆ ಮುಂದಿನದು ಸಿಕ್ಕಿಬಿಟ್ಟಿತ್ತು. ಅದು ಮೇಲೆ ಹೋಗುವುದಲ್ಲ, ಅರ್ಧದಲ್ಲಿ ಉಸಿರು ಹಿಡಿದು ಕೆಳಗಿಳಿಯಬೇಕು; ಇಲ್ಲದಿದ್ದರೆ ಮೊದಲು ಬಾಗಿದ್ದಕ್ಕೆ ಅರ್ಥವೇ ಇಲ್ಲ. ನಾಲಿಗೆಯ ತುದಿಗೆ ಬಂದು ಕೂತಿತ್ತು.

“ಮುಂದ ಹ್ಯಾಂಗಕ್ಕ?”

“ನಂಗೇನ್ ಗೊತ್ತು ತಾಯಿ. ಕೇಳಿ ಬಂದಾಕಿ ನೀನು.”

“ಮೂರು ಸಲ ಬಾರ್ಸು ಅಂತ ಕೈಸನ್ನಿ ಮಾಡಿ ಕೇಳೀನಿ. ನಮ್ಮ ಮಂದಿ ನನ್ನ ಬಿಟ್ಟು ಮುಂದ ಹೋದ್ರು, ಸಾಹೇಬ್ರ ಕೈಲಿ ಬೈಸಿಕೊಂಡೆ. ನಿನಗ ತಂದು ಕೊಡಬೇಕಂತ ವಿಮಾನದಾಗ ಸೈತ ಗುನುಗಿಕೋತ ಬಂದೆ. ನೀ ಇದ್ದಿದ್ರ ಒಂದ ಸಲಕ್ಕ ಹಿಡಿತಿದ್ದಿ. ಬಾಯಾಗ ಅಂದು ನೋಡಕ್ಕ.”

ಈಗ ಹೇಳಿಬಿಟ್ಟರೆ ಮುಗಿದೇ ಹೋಗುತ್ತಿತ್ತು. ಆದರೆ ಒಂದು ಸಲ ಗೊತ್ತಿಲ್ಲ ಅಂದ ಬಾಯಿ, ಇಷ್ಟು ಜನರ ಮುಂದೆ ಹೇಗೆ ತಿರುಗೀತು? ಅದೂ ಆ ಮುದುಕನ ಹಾಡಿಗೆ?

“ಸಿಗವಲ್ದು,” ಅಂದಳು.

“ನಿನಗ ಸಿಗಲಿಲ್ಲಂದ್ರ ಇನ್ಯಾರಿಗೂ ಸಿಗಾಂಗಿಲ್ಲ ಬಿಡು.” ಸಿಟ್ಟಿಲ್ಲದೆ, ಪೂರಾ ನಂಬಿಕೊಂಡು ಹೇಳಿದಳು ಮರಿಲಿಂಗಮ್ಮ. ತಾಳ ಕೈಗೆತ್ತಿಕೊಂಡು ತನ್ನ ಜಾಗಕ್ಕೆ, ದುರಗಮ್ಮನ ಹಿಂದಕ್ಕೆ ಸರಿದು ಕೂತಳು. ಆ ಸಂಜೆಯ ನಂತರ ಅವಳ ಬಾಯಲ್ಲಿ ಸೇತುವೆಯ ಮಾತೂ ಬರಲಿಲ್ಲ, ಧಾಟಿಯೂ ಬರಲಿಲ್ಲ.

ಸೋಮವಾರ ಹತ್ತಿ ಬಿಡಿಸಲು ಹೋದಾಗ ದುರಗಮ್ಮ ಹೆಂಗಸರ ಗುಂಪು ಬಿಟ್ಟು ಹೊಲದ ಆಚೆ ತುದಿಯ ಸಾಲು ಹಿಡಿದಳು. ಮರಿಲಿಂಗಮ್ಮ ಎಂಟು ಸಾಲು ದೂರದಲ್ಲಿ ಬಗ್ಗಿ ಬಿಡಿಸುತ್ತಿದ್ದಳು. ಯಾರಿಗೂ ಕೇಳದಷ್ಟು ಸಣ್ಣ ದನಿಯಲ್ಲಿ ದುರಗಮ್ಮ ಅದನ್ನು ಅಂದು ನೋಡಿದಳು. ಏರಿತು, ಬಾಗಿತು, ಉಸಿರು ಹಿಡಿದು ಇಳಿಯಿತು. ಪೂರ್ತಿ ಬಂತು, ಎಲ್ಲೂ ತಪ್ಪಲಿಲ್ಲ. ಮುಗಿಸಿ, ರೂಢಿಯಂತೆ, ಹಿಂದಿನವಳು ಎತ್ತಿಕೊಳ್ಳಲೆಂದು ಕಾದಳು. ಹಿಂದೆ ಬರಿ ಹತ್ತಿಯ ಸಾಲು. ಗಿಡದ ಮೇಲಿನ ಅವಳ ಕೈ ಹಾಗೇ ನಿಂತಿತ್ತು.