ಹಕಾರ ನುಂಗಿದ ಹೆಡ್‌ಫೋನ್

ಬೀದಿಯವರೆಲ್ಲ ಅವನನ್ನು ಹಕಾರಣ್ಣ ಎನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ ಇಟ್ಟುಕೊಂಡಿದ್ದ ದರ್ಜಿ. ವಯಸ್ಸು ನಲವತ್ತು ದಾಟಿದ್ದರೂ ಮದುವೆಯ ಮಾತಿಗೆ ಇನ್ನೂ ಗುಂಡಿಯೂ ಇಲ್ಲ, ಕಾಜವೂ ಇಲ್ಲ. ಯಾರಾದರೂ ಬಂದು "ಪ್ಯಾಂಟು ಒಲೀತೀರಾ?" ಎಂದರೆ ಸಾಕು, ತುಟಿಯ ನಡುವಿನ ಗುಂಡುಸೂಜಿ ತೆಗೆದು, "ಒಲಿಯೋದು ಮನಸ್ಸು. ಬಟ್ಟೆ ಹೊಲಿಯೋದು. ಹ! ಹೊಟ್ಟೆಯಿಂದ ಬರಬೇಕು, ಹ!" ಎಂದು ತಿದ್ದಿದ ಮೇಲೆಯೇ ಅಳತೆಗೆ ಕೈಹಾಕುತ್ತಿದ್ದ.

ಅವನ ಅಕ್ಕ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ನರ್ಸು, ಹಗಲು ಮಲಗುವವಳು. ಗಿರಾಕಿಗಳು ಫೋನಿಗೆ ಕಳಿಸಿದ ವಾಯ್ಸ್ ಮೆಸೇಜುಗಳನ್ನು ಅವನು ಮಿಷನ್ನಿನ ಸದ್ದಿಗೂ ಸಡ್ಡು ಹೊಡೆಯುವಷ್ಟು ಜೋರಾಗಿ ಹಾಕಿ ಕೇಳುವುದು ಅವಳ ನಿದ್ದೆಗೆ ಕತ್ತರಿಯಾಗಿತ್ತು.

"ಲೋ, ಕಂಡೋರ ಸೊಂಟದ ಸುತ್ತಳತೆಯೆಲ್ಲ ನನ್ನ ಕನಸಲ್ಲಿ ಬರ್ತಿದೆ ಕಣೋ! ಒಂದು ಹೆಡ್‌ಫೋನ್ ತಂದ್ಕೊಂಡು ಕಿವಿ ಮುಚ್ಕೊಂಡು ಕೂತ್ಕೋ."

ತಂದ. ಅಂಗಡಿಯಲ್ಲಿದ್ದ ಹೆಡ್‌ಫೋನುಗಳಲ್ಲೆಲ್ಲ ಬಡಪಾಯಿ ಅದು. "ಇದಕ್ಕೆ ವೈರಿಲ್ಲ ಸಾರ್, ಅಜಾತಶತ್ರು!" ಎಂದು ಅಂಗಡಿಯವನು ತಾನೇ ನಕ್ಕು ಕಟ್ಟಿಕೊಟ್ಟಿದ್ದ.

ಅಗ್ಗದ ಮಾಲಿನಲ್ಲಿ ಏನಾದರೊಂದು ಕಡಿಮೆ ಇದ್ದೇ ಇರುತ್ತದೆ. ಇದರಲ್ಲಿ ಹ ಇರಲಿಲ್ಲ. ಕಾರ್ಖಾನೆಯವರು ಖರ್ಚು ಎಲ್ಲಿ ಉಳಿಸೋಣ ಎಂದು ತಡಕಾಡಿ, ಬೇರೆಲ್ಲೂ ಸಿಗದೆ, ವರ್ಣಮಾಲೆಯಲ್ಲೇ ಒಂದಕ್ಷರ ಕೈಬಿಟ್ಟಿದ್ದರು. ಹಕಾರಣ್ಣನಿಗೆ ಅದು ಹೇಗೆ ಗೊತ್ತಾಗಬೇಕು? ಕಿವಿಗೇರಿಸಿ ಗುಂಡಿ ಒತ್ತಿದೊಡನೆ ಒಳಗಿನ ಹೆಣ್ಣುದನಿ "ಎಡ್‌ಫೋನ್ ಸಿದ್ಧ" ಎಂದಿತು. ಎಡದ್ದು ಸಿದ್ಧವಾಯಿತಲ್ಲ, ಬಲದ್ದೂ ಆಗಲಿ ಎಂದು ಅವನು ಕೈಕಟ್ಟಿ ಕಾದ. ಕಾದದ್ದೇ ಬಂತು. ಬೇಸತ್ತು ಮೊದಲ ಮೆಸೇಜು ಹಾಕಿದ.

"ನಮಸ್ಕಾರ. ನಾನು ಅಲ್ಲಿನ ಡಾಕ್ಟರ್," ಎಂದಿತು ಒಂದು ಮೆತ್ತನೆಯ ದನಿ.

ಎಲ್ಲಿನ ಡಾಕ್ಟರೋ! ಹಕಾರಣ್ಣ ಪೆಡಲಿನ ಮೇಲಿಂದ ಕಾಲು ತೆಗೆದ.

"ಮೊದಲು ಒಬ್ರು ಒಲಿದಿದ್ರು. ಎಲ್ಲಾ ಕಡೆ ಬಿಗಿ, ಉಸಿರು ಕಟ್ಟೋದು. ಇನ್ನೊಬ್ರು ಒಲಿದ್ರು, ಎರಡೇ ವಾರಕ್ಕೆ ಬಿಟ್ಕೊಂಡು ಬಂತು. ನೀವು ಒಲಿದ್ರೆ ಬಾಳಿಕೆ ಬರುತ್ತೆ ಅಂತ ಎಲ್ರೂ ಅಂತಾರೆ. ನನಗೂ ಒಲಿತೀರಾ? ನಾಳೆ ಸಂಜೆ ಬರ್ತೀನಿ."

ಬೇರೆ ದರ್ಜಿಯಾಗಿದ್ದರೆ, ಪಾಪ, ನಾಲಗೆ ಜಾರಿದೆ ಎಂದುಕೊಂಡು ಟೇಪು ಹುಡುಕುತ್ತಿದ್ದ. ಆದರೆ ಓದಿದ ಹೆಂಗಸು, ಅಷ್ಟು ಸ್ಪಷ್ಟವಾದ ಮಾತು; ಅಂಥವರು ಒಲಿ ಎಂದರೆ ಒಲಿಯೇ. ಇದುವರೆಗೆ ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ. ಇನ್ನು ಕೇಳುವವರಿಲ್ಲ ಎಂದು ಅವನೂ ಆ ಆಸೆಯನ್ನು ಎಂದೋ ಮಡಿಸಿ, ಇಸ್ತ್ರಿ ಹಾಕಿ ಎತ್ತಿಟ್ಟಿದ್ದ. ಈಗ ಮತ್ತೆ ಮತ್ತೆ ಮೆಸೇಜು ಕೇಳುತ್ತ ಯಾರದೋ ಅಂಗಿಗೆ ಮೂರು ತೋಳು ಹಚ್ಚಿದ.

"ಅಕ್ಕಾ, ನಾಳೆ ನನ್ನನ್ನ ನೋಡೋಕೆ ಬರ್ತಾರೆ."

"ಯಾರೋ?"

"ಅಲ್ಲಿನ ಡಾಕ್ಟರು."

"ಎಲ್ಲಿನ?"

"ಅದನ್ನ ಅವರೇ ಹೇಳ್ತಾರೆ."

ಅಕ್ಕ ಅವನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ.

ಮರುದಿನ ಸಂಜೆ ಡಾಕ್ಟರು ಬಂದೇಬಿಟ್ಟರು. ಅವನದೇ ವಯಸ್ಸು, ಮುಂಗುರುಳಿನಲ್ಲಿ ಒಂದೆಳೆ ಬೆಳ್ಳಿ. "ಮೆಸೇಜು ಕೇಳಿದ್ರಾ?"

ಹಕಾರಣ್ಣ ಕಣ್ಣುಮುಚ್ಚಿ ಧುಮುಕಿದ. "ಕೇಳಿದೆ ಮೇಡಂ. ಒಲಿದೂ ಆಯ್ತು."

ಡಾಕ್ಟರು ಹುಬ್ಬೇರಿಸಿದರು. ಅಕ್ಷರ ನುಂಗುವವರು ಅವರಿಗೇನು ಹೊಸಬರಲ್ಲ. ಬಾಯ್ತುಂಬ ಹತ್ತಿ ಇಟ್ಟುಕೊಂಡವರ ಮಾತನ್ನೂ ತಿಳಿದುಕೊಳ್ಳುವ ಕಸುಬು ಅವರದು.

"ಇಷ್ಟು ಬೇಗ? ಅಳತೆನೇ ತಗೊಂಡಿಲ್ಲ!"

"ಒಲಿಯೋಕೆ ಅಳತೆ ಯಾಕೆ? ದನಿ ಕೇಳಿದ್ದೇ ಸಾಕಾಯ್ತು."

"ದನಿ ಕೇಳಿದ್ರೆ ತೋಳಿನ ಉದ್ದ ಗೊತ್ತಾಗುತ್ತಾ? ಎಲ್ಲಿ, ತೋರಿಸಿ."

"ಈಗಲೇ ಹೇಗೆ ತೋರಿಸೋದು... ಒಳಗೆ ಅಕ್ಕ ಇದ್ದಾಳೆ."

"ಅವರೂ ನೋಡ್ಲಿ ಬಿಡಿ. ಸಡಿಲ ಆಗಿದ್ರೆ ಅವರೇ ಹೇಳ್ತಾರೆ."

"ಸಡಿಲಾನಾ? ಗಟ್ಟಿ ಮೇಡಂ! ಕೊನೇವರೆಗೂ ಬಿಟ್ಕೊಳ್ಳಲ್ಲ."

"ಸರಿ. ಜೇಬು ಎಷ್ಟು ಇಟ್ಟಿದ್ದೀರಿ?"

ಹಕಾರಣ್ಣ ಕಕ್ಕಾಬಿಕ್ಕಿಯಾದ. "ಒಲವಿಗೆ ಜೇಬಾ?"

"ಒಲವಿಗಲ್ರೀ, ಕೋಟಿಗೆ! ಹಲ್ಲಿನ ಡಾಕ್ಟರ ಬಿಳಿ ಕೋಟಿಗೆ! ಹೊ-ಲಿ-ತೀ-ರಾ ಅಂತ ಕೇಳಿದ್ದು ನಾನು!"

ಆ ಹ ಬಂದು ನೇರ ಎದೆಗೆ ಗುದ್ದಿತು. ಬಾಗಿಲ ಮರೆಯಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಅಕ್ಕ ಹೊರಗೆ ಬಂದವಳೇ ಹೆಡ್‌ಫೋನನ್ನು ಡಾಕ್ಟರ ಕಿವಿಗೆ ಸಿಕ್ಕಿಸಿ, ಅವರ ಮೆಸೇಜನ್ನು ಅವರಿಗೇ ಕೇಳಿಸಿದಳು. ಡಾಕ್ಟರು ಮೊದಲು ಹುಬ್ಬು ಗಂಟಿಕ್ಕಿದರು. "ಎರಡೇ ವಾರಕ್ಕೆ" ಎಂಬಲ್ಲಿಗೆ ಬರುವಷ್ಟರಲ್ಲಿ ನಗು ತಡೆಯಲಾರದೆ ಸ್ಟೂಲು ಹಿಡಿದು ಕೂತರು.

"ತಪ್ಪು ನನ್ನದೇ ಮೇಡಂ," ಹಕಾರಣ್ಣನ ದನಿ ಇಳಿದಿತ್ತು. "ಕೋಟು ಹೊಲಿದು ಕೊಡ್ತೀನಿ. ಹೊಲಿದು. ಮಿಕ್ಕಿದ್ದನ್ನ ಮರೆತುಬಿಡಿ."

ಡಾಕ್ಟರು ಹೆಡ್‌ಫೋನ್ ತೆಗೆದು ಕಣ್ಣೊರೆಸಿಕೊಂಡರು. ಅವನನ್ನು ಈಗಷ್ಟೇ ಬಂದವರಂತೆ ಮತ್ತೊಮ್ಮೆ ನೋಡಿದರು.

"ನನ್ನ ದನಿ ಕೇಳಿದ್ರೆ ಜನ ಬಾಯಿ ಮುಚ್ಕೊಂಡು ಓಡ್ತಾರೆ. ಒಲಿದೆ ಅಂದೋರು ನೀವೇ ಮೊದಲು." ಒಂದು ತೋಳು ಚಾಚಿದರು. "ಮೊದಲು ಅಳತೆ ತಗೊಳ್ಳಿ. ಮಿಕ್ಕಿದ್ದು ನೋಡೋಣ."

ಹಕಾರಣ್ಣ ಹೆಗಲಿನಿಂದ ಮಣಿಕಟ್ಟಿನವರೆಗೆ ಟೇಪು ಹಿಡಿದ. ನೋಡಿದ. ಟೇಪು ಸುತ್ತಿಕೊಂಡ.

"ಎಷ್ಟೋ?" ಎಂದಳು ಅಕ್ಕ, ಬರೆದುಕೊಳ್ಳಲು ಸೀಮೆಸುಣ್ಣ ಹಿಡಿದು.

"ಮರೆತೋಯ್ತು."

"ಪರವಾಗಿಲ್ಲ, ಇನ್ನೊಂದ್ಸಲ ತಗೊಳ್ಳಿ," ಎಂದರು ಡಾಕ್ಟರು. ಚಾಚಿದ ತೋಳನ್ನು ಅವರು ಇಳಿಸಿಯೇ ಇರಲಿಲ್ಲ.