ಹನ್ನೆರಡು ಪದ್ಯದ ಸೆಕೆ

"ಬೆಳಿಗ್ಗೆ ಕರೆದ ಕೂಡಲೇ ಓಡಿ ಬರೋ ಈ ತಂಪು, ಮಧ್ಯಾಹ್ನ ಎಲ್ಲಿ ಹೋಗಿ ಕೂತಿರುತ್ತಪ್ಪಾ?"

ಅಜ್ಜಿ ಇದನ್ನು ಯಾರನ್ನೂ ಕೇಳಿದ್ದಲ್ಲ. ಕಾರಿನ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿ, ಗಾಳಿ ಬರುವ ಜಾಲರಿಗೆ ಅಂಗೈ ಒಡ್ಡಿ ಕೂತಿದ್ದಳು. ಬೆಳಗಿನ ಎಂಟು ಗಂಟೆ. ಅವಳು ಗುನುಗುತ್ತಿದ್ದ ಮೊದಲ ಪದ್ಯದ ಎರಡನೇ ಸಾಲು ಮುಗಿಯುವ ಮುಂಚೆಯೇ ತಂಪು ಬಂದು ಬೆರಳ ಸಂದಿಯಲ್ಲೆಲ್ಲ ಹರಿದಿತ್ತು. ಪಕ್ಕದಲ್ಲಿ ಮೊಮ್ಮಗಳು ಕುತ್ತಿಗೆಗೆ ಒದ್ದೆ ಟವೆಲು ಸುತ್ತಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು.

ಕಾರು ಓಡಿಸುತ್ತಿದ್ದ ಸೊಸೆ ತಿರುಗದೆಯೇ ಹೇಳಿದಳು: "ಅತ್ತೆ, ಈ ಪ್ರಶ್ನೆಯನ್ನ ಗ್ಯಾರೇಜಲ್ಲಿ ಮಾತ್ರ ಕೇಳಬೇಡಿ. ನಿನ್ನೆ ಅವರು ನಕ್ಕಿದ್ದು ಸಾಕು."

ಮೊಮ್ಮಗಳಿಗೆ ಒಂಬತ್ತು ವರ್ಷ. ಅವಳ ಮೈ ಬೆವರುವುದಿಲ್ಲ. ಹುಟ್ಟುವಾಗಲೇ ಹಾಗೆ. ಬೇರೆಯವರಿಗೆ ಸೆಕೆ ಅಂದರೆ ಬರೀ ಕಿರಿಕಿರಿ. ಅವಳಿಗೆ ಒಳಗೆ ಸೇರಿದ ಬಿಸಿ ಹೊರಗೆ ಹೋಗಲು ದಾರಿಯೇ ಇಲ್ಲ. "ಬಿಸಿಲಿಗೆ ಹೋದ್ರೆ ಕರಗಿಬಿಡ್ತೀನಿ, ನಾನು ಬೆಣ್ಣೆ" ಎಂದು ಮೂರನೇ ವಯಸ್ಸಿನಲ್ಲಿ ತನಗೆ ತಾನೇ ಇಟ್ಟುಕೊಂಡ ಹೆಸರು ಮನೆಯಲ್ಲೂ ಶಾಲೆಯಲ್ಲೂ ನಿಂತುಬಿಟ್ಟಿತ್ತು. ಅರವತ್ತು ವರ್ಷ ಒಲೆಯ ಮುಂದೆ ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತಾ ಬೆವರನ್ನು ಶಪಿಸಿದ್ದ ಅಜ್ಜಿ, ಈ ಮಗು ಬಂದ ಮೇಲೆ ಒಂದು ದಿನವೂ ಶಪಿಸಲಿಲ್ಲ. ತನ್ನ ಕತ್ತಿನ ಮೇಲಿಂದ ಹನಿ ಇಳಿದಾಗೆಲ್ಲ, ಕೇಳದೆಯೇ ಸಿಕ್ಕ ವರ ಇದು ಎಂದುಕೊಂಡು ಸುಮ್ಮನಾಗುತ್ತಿದ್ದಳು.

ಶಾಲೆ ಬಿಡುವುದು ಮಧ್ಯಾಹ್ನ ಒಂದಕ್ಕೆ. ಸೊಸೆ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಕೆಲಸದಿಂದ ಒಂದು ಗಂಟೆ ಬಿಡುವು ಪಡೆದು, ಅತ್ತೆಯನ್ನು ಕೂರಿಸಿಕೊಂಡು ಹೋಗಿ ಶಾಲೆಯ ಗೇಟಿನ ಹತ್ತಿರ ಬಿಸಿಲಲ್ಲಿ ಕಾಯುತ್ತಿದ್ದಳು. ಗಂಟೆ ಹೊಡೆಯುವ ಮೊದಲೇ ಏಸಿ ಹಾಕಿ, ಒಳಗೆ ತಂಪಾದ ಮೇಲೆಯೇ ಮಗುವನ್ನು ಹತ್ತಿಸಬೇಕು. ಅದಕ್ಕೆ ಗಡಿಯಾರ ಅಜ್ಜಿಯ ಪದ್ಯ. ಅವಳಿಗೆ ಅವಳಪ್ಪ ಬಾಯಿಪಾಠ ಮಾಡಿಸಿದ್ದ ಹನ್ನೆರಡು ದೇವರ ಪದ್ಯಗಳು, ಎಪ್ಪತ್ತು ವರ್ಷದಲ್ಲಿ ಒಂದು ಉಸಿರೂ ಹೆಚ್ಚುಕಡಿಮೆಯಾಗದೆ ಉಳಿದಿದ್ದವು. ಹೋದ ವರ್ಷ ಎರಡು ಪದ್ಯಕ್ಕೆ ತಂಪು ಬರುತ್ತಿತ್ತು. ಈ ಬೇಸಿಗೆಯ ಶುರುವಿಗೆ ಐದು. ಆಮೇಲೆ ಒಂಬತ್ತು.

ಗುರುವಾರ ಹುಡುಗಿ ಗೆಳತಿಯರ ಜೊತೆ ಪಂದ್ಯ ಕಟ್ಟಿ ಓಡಿ, ತಂಪಾಗುವ ಮುಂಚೆಯೇ ಬಂದು ಹತ್ತಿಬಿಟ್ಟಿದ್ದಳು. ಹಿಂದಿನ ಕಾರುಗಳು ಹಾರ್ನ್ ಬಾರಿಸುತ್ತಿದ್ದವು. ತಂಪು ಇನ್ನೇನು ಬಂತು ಎಂದುಕೊಂಡು ಸೊಸೆ ಹೊರಟಳು. ಪ್ರತಿ ಸಾಲಿನ ಕೊನೆಯ ಮಾತನ್ನು ಅಜ್ಜಿ ಬಿಟ್ಟುಕೊಡುವುದು, ಅದನ್ನು ಬೆಣ್ಣೆ ತುಂಬುವುದು ವಾಡಿಕೆ. ಒಂಬತ್ತು ಪದ್ಯವಾಯಿತು, ಹತ್ತಾಯಿತು, ಸಿಗ್ನಲ್ಲಿನಲ್ಲಿ ಕಾರು ಸಿಕ್ಕಿಕೊಂಡಿತು. ಹನ್ನೆರಡನೆಯದರ ನಡುವೆ ಅಜ್ಜಿ ಒಂದು ಸಾಲಿನ ಕೊನೆಗೆ ನಿಂತಳು. ಬೆಣ್ಣೆಯ ಮಾತು ಬರಲಿಲ್ಲ. ತಿರುಗಿ ನೋಡಿದರೆ ಹುಡುಗಿಯ ಮುಖ ಇಟ್ಟಿಗೆಯ ಬಣ್ಣ. ಕಣ್ಣು ತೆರೆದೇ ಇದೆ, ಎಲ್ಲಿಯೂ ನೋಡುತ್ತಿಲ್ಲ. ಸೊಸೆ ಕಾರನ್ನು ಅಲ್ಲೇ ಬಿಟ್ಟು ಮಗುವನ್ನು ಎತ್ತಿಕೊಂಡು ಓಡಿದಳು. ಎದುರಿನ ಔಷಧಿ ಅಂಗಡಿಯವರು ಐಸು ಕೊಟ್ಟು, ಫ್ಯಾನಿನ ಕೆಳಗೆ ಮಲಗಿಸಿ ಉಳಿಸಿಕೊಟ್ಟರು.

ಆ ಸಂಜೆಯೇ ಸೊಸೆ ತೀರ್ಮಾನ ಹೇಳಿದ್ದಳು: ಕಾರು ಸರಿಹೋಗದಿದ್ದರೆ ಸೋಮವಾರದಿಂದ ಶಾಲೆ ಇಲ್ಲ, ಪಾಠವೆಲ್ಲ ಮನೆಯಲ್ಲೇ. ಬೆಣ್ಣೆ ಅಳಲಿಲ್ಲ. ಶಾಲೆಯ ಚೀಲವನ್ನು ತಬ್ಬಿಕೊಂಡು ಮಲಗಿದಳು. ಶುಕ್ರವಾರ ಸಂಜೆ ಎರಡು ಗ್ಯಾರೇಜು ಸುತ್ತಿದ್ದಾಯಿತು. ಎರಡರಲ್ಲೂ ನೆರಳಲ್ಲಿ ನಿಲ್ಲಿಸಿ ನೋಡಿ, ಏನೂ ತೊಂದರೆಯಿಲ್ಲ ಎಂದರು. ಒಬ್ಬನಂತೂ "ಪದ್ಯ ಹೇಳಿದ್ರೆ ಏಸಿ ಒಲಿಯುತ್ತಾ ಅಜ್ಜಿ?" ಎಂದು ಹಲ್ಲು ಕಿಸಿದಿದ್ದ.

ಇಂದು ಶನಿವಾರ. ಇದು ಮೂರನೆಯ ಗ್ಯಾರೇಜು. ಉದ್ದನೆಯ ಗೋಡೆಯ ತುಂಬ ಹಳೆಯ ಬೆಲ್ಟುಗಳು ನೇತಾಡುತ್ತಿದ್ದವು. ಅಲ್ಲಿದ್ದವನು ಒಬ್ಬನೇ ಮೆಕ್ಯಾನಿಕ್, ಐವತ್ತು ದಾಟಿದವನು. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ ರೋಗ ಹಿಡಿಯುತ್ತಾನೆಂದು ಆ ಬೀದಿಯವರು ಅವನನ್ನು "ಕಿವಿ" ಎಂದೇ ಕರೆಯುತ್ತಿದ್ದರು. ಹೆಸರಿಗೆ ತಕ್ಕಂತೆ ಕಿವಿಗಳೂ ದೊಡ್ಡವೇ ಇದ್ದವು.

"ತಂಪಾಗೋಕೆ ಎಷ್ಟು ಹೊತ್ತು ಬೇಕು?" ಎಂದು ಕೇಳಿದ.

"ಐದಾರು ನಿಮಿಷ," ಎಂದಳು ಸೊಸೆ.

ಅಜ್ಜಿಗೆ ತಡೆಯಲಾಗಲಿಲ್ಲ. "ಒಂಬತ್ತು ಪದ್ಯ. ಗುರುವಾರ ಹನ್ನೆರಡಾದರೂ ಬರಲಿಲ್ಲ."

ಸೊಸೆ ಮುಖ ಗಂಟು ಹಾಕಿಕೊಂಡಳು. ಆದರೆ ಕಿವಿ ನಗಲಿಲ್ಲ. ಕೈ ಒರೆಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟ.

"ಮುಂಚೆ ಎಷ್ಟಿತ್ತಮ್ಮ?"

"ಹೋದ ವರ್ಷ ಎರಡು. ಆಮೇಲೆ ಐದು. ಬೆಳಿಗ್ಗೆ ಹೊತ್ತು ಈಗಲೂ ಒಂದನೇದಕ್ಕೇ ಬಂದುಬಿಡುತ್ತೆ."

"ಬೆಳಿಗ್ಗೆ ಒಂದಕ್ಕೇ," ಎಂದು ಅವನು ತನಗೇ ಹೇಳಿಕೊಂಡ. "ಹಾಗಾದ್ರೆ ಗ್ಯಾಸ್ ಅಲ್ಲ. ಗ್ಯಾಸ್ ಕಮ್ಮಿ ಆಗಿದ್ರೆ ಬೆಳಿಗ್ಗೇನೂ ಸತಾಯಿಸ್ತಿತ್ತು. ಇದು ದಿನದಿನಕ್ಕೆ ಸವೆಯೋ ಥರದ್ದು. ಅದೂ ಬಿಸಿಯಾದಾಗ ಮಾತ್ರ ಆಟ ಆಡೋದು. ಅಮ್ಮ, ಇವತ್ತು ಮಧ್ಯಾಹ್ನದವರೆಗೂ ಇರ್ತೀರಾ? ನಿಮ್ಮ ಪದ್ಯ ಬೇಕು ನನಗೆ."

"ಒಳ್ಳೆ ಜೋಡಿ," ಎಂದು ಸೊಸೆ ಗೊಣಗಿದಳು. ಆದರೂ ಅಂಗಡಿಗೆ ಫೋನ್ ಮಾಡಿ ರಜೆ ಹೇಳಿದಳು.

ಬೆಣ್ಣೆಯನ್ನು ಒಳಕೋಣೆಯಲ್ಲಿ ಏರ್‌ಕೂಲರಿನ ಮುಂದೆ, ಬಕೆಟ್ಟಿನ ನೀರಲ್ಲಿ ಕಾಲಿಳಿಸಿ ಕೂರಿಸಿದ್ದಾಯಿತು. ಮಧ್ಯಾಹ್ನ ಕಿವಿ ಕಾರನ್ನು ಊರೆಲ್ಲ ಸುತ್ತಿಸಿ ತಂದು, ಗಾಜು ಏರಿಸಿ, ಸುಡು ಬಿಸಿಲಲ್ಲಿ ನಿಲ್ಲಿಸಿದ. ಅರ್ಧ ಗಂಟೆ ಅದನ್ನು ಯಾರೂ ಮುಟ್ಟಲಿಲ್ಲ. ಆಮೇಲೆ ಬಾನೆಟ್ ಎತ್ತಿ ಸೊಸೆಗೆ ಸನ್ನೆ ಮಾಡಿದ. ಅವಳು ಒಳಗೆ ಕೂತು ಇಂಜಿನ್ ಶುರುಮಾಡಿ ಏಸಿ ಹಾಕಿದಳು. ಅಜ್ಜಿ ಬಾಗಿಲ ಹತ್ತಿರ ನಿಂತು, ಕಣ್ಣು ಮುಚ್ಚಿ, ಮೊದಲ ಪದ್ಯ ಎತ್ತಿಕೊಂಡಳು.

ಎರಡನೆಯದು ಮುಗಿಯಿತು. "ಬಿಸಿ," ಎಂದಳು ಸೊಸೆ ಒಳಗಿಂದ. ನಾಲ್ಕನೆಯದು. "ಬೆಂಕಿ."

ಕಿವಿ ಸ್ಕ್ರೂಡ್ರೈವರನ್ನು ಕಿವಿಗೊತ್ತಿ ಬಗ್ಗಿದ್ದ. ಪದ್ಯದ ಸಾಲಿಗೂ ಸಾಲಿಗೂ ನಡುವೆ ಅಜ್ಜಿ ಉಸಿರೆಳೆಯುವಾಗ ಅವನ ಹುಬ್ಬು ಇನ್ನಷ್ಟು ಗಂಟಾಗುತ್ತಿತ್ತು. ಅವನು ಆಲಿಸುತ್ತಿದ್ದುದು ಆ ನಿಶ್ಶಬ್ದದಲ್ಲೇ. ತನ್ನ ಅಪ್ಪ ಪದ್ಯ ಹೇಳಿಕೊಡುವಾಗ ಹಾಗೇ ಕೇಳಿಸಿಕೊಳ್ಳುತ್ತಿದ್ದುದು ಅಜ್ಜಿಗೆ ನೆನಪಾಯಿತು.

ಏಳನೆಯದರಲ್ಲಿ ಅವನು ಕೈ ಬೀಸಿದ. "ಅಮ್ಮ, ನಿಲ್ಲಿಸಬೇಡಿ. ಹೇಳ್ತಾನೇ ಇಲ್ಲಿ ಬನ್ನಿ. ಸೆರಗು ಹಿಡ್ಕೊಳ್ಳಿ."

ಅಜ್ಜಿ ಪದ್ಯ ಬಿಡದೆ ಬಂದು ಇಣುಕಿದಳು. ಬೆಲ್ಟಿನ ಗಾಲಿಯೊಂದು ಕಣ್ಣಿಗೆ ಕಾಣದಷ್ಟು ವೇಗವಾಗಿ ತಿರುಗುತ್ತಿತ್ತು. ಅದರ ಮುಂದೆ, ಒಂದು ಅಂಗೈಯಗಲದ ಕಬ್ಬಿಣದ ತಟ್ಟೆ ಮಾತ್ರ ಅಲುಗದೆ ನಿಂತಿತ್ತು. ಅಷ್ಟು ರಭಸದ ನಡುವೆ ಅಷ್ಟು ನಿಶ್ಚಲ. ಕಿವಿ ಸುತ್ತಿಗೆಯ ಮರದ ಹಿಡಿಯಿಂದ ಆ ತಟ್ಟೆಯನ್ನು ಮೆಲ್ಲಗೆ, ಮಗುವಿನ ಬೆನ್ನು ತಟ್ಟುವಷ್ಟೇ ಮೆಲ್ಲಗೆ ಒತ್ತಿದ.

ಟಕ್.

ತಟ್ಟೆ ಕಾಣದಾಯಿತು. ಅದೂ ತಿರುಗುತ್ತಿತ್ತು. ಇಂಜಿನ್ನಿನ ದನಿ ಒಂದು ಸ್ವರದಷ್ಟು ಇಳಿಯಿತು.

"ಬಂತು!" ಒಳಗಿಂದ ಸೊಸೆ ಕೂಗಿದಳು. "ಅತ್ತೇ! ತಂಪು ಬಂತು!"

ಪದ್ಯ ಅಜ್ಜಿಯ ಬಾಯಲ್ಲೇ ನಿಂತಿತು. ಎಪ್ಪತ್ತು ವರ್ಷದಲ್ಲಿ ಮೊದಲ ಸಲ ಮುಂದಿನ ಸಾಲು ಏನೆಂದು ಅವಳಿಗೆ ತೋಚಲಿಲ್ಲ.

ಇಂಜಿನ್ ಆರಿಸಿ ಕಿವಿ ಬಿಡಿಸಿ ಹೇಳಿದ. "ಏಸಿ ಗುಂಡಿ ಒತ್ತಿದ್ರೆ ಒಳಗೆ ಒಂದು ಮ್ಯಾಗ್ನೆಟ್ ಈ ತಟ್ಟೆಯನ್ನ ಎಳ್ಕೊಳ್ಳುತ್ತೆ. ಗಾಲಿಗೆ ಇದು ಅಂಟಿಕೊಂಡ್ರೆ ತಂಪು. ಎರಡರ ಮಧ್ಯೆ ಕೂದಲೆಳೆಯಷ್ಟು ಜಾಗ ಇರಬೇಕು. ಅಂಟಿ ಅಂಟಿ ಸವೆದು ಅದು ಎರಡೆಳೆ ಆಗಿದೆ, ಅಷ್ಟೇ. ಬೆಳಿಗ್ಗೆ ಮ್ಯಾಗ್ನೆಟ್ಟಿಗೆ ಶಕ್ತಿ ಇರುತ್ತೆ, ಅಷ್ಟು ದೂರದಿಂದಲೂ ಎಳೆಯುತ್ತೆ. ಬಿಸಿಲಲ್ಲಿ ಕಾದ್ರೆ ಅದರ ಕೈ ಸೋಲುತ್ತೆ. ಎಳೀತಾನೇ ಇರುತ್ತೆ, ತಟ್ಟೆ ಬರಲ್ಲ."

"ಅಂದ್ರೆ ಅಷ್ಟು ಹೊತ್ತೂ ಕರೀತಾನೇ ಇತ್ತಾ?" ಎಂದಳು ಅಜ್ಜಿ.

"ಕರೀತಾನೇ ಇತ್ತು ಅಮ್ಮ. ಒಂದು ಕ್ಷಣಾನೂ ಬಿಟ್ಟಿರಲಿಲ್ಲ."

ಅಜ್ಜಿ ಬಾನೆಟ್ಟಿನೊಳಗೆ ಮತ್ತೊಮ್ಮೆ ಬಗ್ಗಿ ನೋಡಿದಳು. ಗುರುವಾರ ಆ ಕಾರಿನಲ್ಲಿ ತಾನು ಹನ್ನೆರಡು ಪದ್ಯ ಹೇಳಿ ತಂಪನ್ನು ಕರೆಯುತ್ತಿದ್ದಾಗ ಬಾನೆಟ್ಟಿನ ಕೆಳಗೆ ಇನ್ನೊಂದೂ ಕರೆಯುತ್ತಿತ್ತು. ಮಗುವಿಗೂ ತಂಪಿಗೂ ನಡುವೆ ಇದ್ದದ್ದು ಬೆಟ್ಟವಲ್ಲ, ಕಡಲಲ್ಲ. ಕಣ್ಣಿಗೆ ಕಾಣದಷ್ಟು ಬರೀ ಗಾಳಿ. ಅಷ್ಟು ಸಣ್ಣದರ ಮೇಲೆ ಇಷ್ಟು ದೊಡ್ಡದು ನಿಂತಿದೆಯಲ್ಲ ಎಂದು ಅವಳು ಗ್ಯಾರೇಜಿನ ಎಣ್ಣೆ ಹಿಡಿದ ನೆಲದ ಮೇಲೆ, ಗೊತ್ತಿಲ್ಲದೆಯೇ, ಚಪ್ಪಲಿ ಬಿಟ್ಟು ನಿಂತಿದ್ದಳು.

ಕಿವಿ ಕಾರಿನಡಿ ತೂರಿ ತಟ್ಟೆ ಬಿಚ್ಚಿ, ಅದರ ಹಿಂದಿನಿಂದ ಉಗುರಿನಷ್ಟು ತೆಳುವಾದ ಒಂದು ವಾಷರ್ ತೆಗೆದ. ಅದೊಂದು ತೆಗೆದರೆ ತಟ್ಟೆ ಅಷ್ಟೇ ಹತ್ತಿರ ಸರಿಯುತ್ತದೆ. ದಿನವೂ ಗಾಜಿನ ದಪ್ಪ ಅಳೆಯುವ ಸೊಸೆ ಅದನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿದಳು.

"ಅರ್ಧ ಮಿಲಿಮೀಟರೂ ಇಲ್ಲ," ಎಂದಳು. ಅವಳ ದನಿ ಬೆಳಗಿನ ದನಿಯಾಗಿರಲಿಲ್ಲ. "ಇಷ್ಟಕ್ಕೆ ನನ್ನ ಮಗಳು..."

ಮತ್ತೆ ಊರು ಸುತ್ತಿ ಬಂದದ್ದಾಯಿತು, ಮತ್ತೆ ಅರ್ಧ ಗಂಟೆ ಬಿಸಿಲು. ಈ ಸಲ ಬಾಗಿಲ ಹಿಡಿ ಮುಟ್ಟಿದರೆ ಚುರುಕ್ಕೆನ್ನುತ್ತಿತ್ತು. ಸೊಸೆ ಕೀಲಿ ತಿರುಗಿಸಿದಳು. ಅಜ್ಜಿ ಬಾಯಿ ತೆರೆದಳು. ಮೊದಲ ಪದ್ಯದ ಮೊದಲ ಮಾತು ಇನ್ನೂ ನಾಲಗೆಯ ಮೇಲಿರುವಾಗಲೇ, ಟಕ್. ಪದ್ಯ ಮುಗಿಯುವ ಹೊತ್ತಿಗೆ ಸೊಸೆ ಜಾಲರಿಯ ಮುಂದೆ ಮುಖವಿಟ್ಟು, ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಕಾರು ನೆರಳಿಗೆ ಬಂತು. ಬೆಣ್ಣೆ ಒದ್ದೆ ಕಾಲಲ್ಲೇ ಓಡಿ ಬಂದು ಹತ್ತಿ, ಹತ್ತಿದವಳೇ ಮತ್ತೆ ಇಳಿದಳು. ನೆಲಕ್ಕೆ ಬಗ್ಗಿ ನೋಡಿದಳು. ಕಾರಿನ ಹೊಟ್ಟೆಯಡಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂದು ಹನಿ, ಮತ್ತೊಂದು ಹನಿ.

"ಇದೇನು ಅಂಕಲ್? ಸೋರ್ತಿದೆಯಾ?"

"ಇಲ್ಲ ಪುಟ್ಟಾ. ಗಾಳಿಯಲ್ಲಿರೋ ನೀರು. ಒಳಗೆ ತಂಪಾಗೋವಾಗ ಹೀಗೆ ಹೊರಗೆ ಬೀಳುತ್ತೆ."

ಬೆಣ್ಣೆ ಅಂಗೈಯೊಡ್ಡಿ ಒಂದು ಹನಿ ಹಿಡಿದಳು. ಅದನ್ನು ತನ್ನ ಹಣೆಗೆ ಹಚ್ಚಿಕೊಂಡಳು. "ಅಜ್ಜಿ ನೋಡು, ನನ್ನ ಬದಲು ಇದು ಬೆವರ್ತಿದೆ."

ಕಿವಿ ಸ್ಕ್ರೂಡ್ರೈವರನ್ನು ಕೆಳಗಿಟ್ಟ. ಆ ಹಣೆಯ ಮೇಲಿನ ಒಂದೇ ಒಂದು ಹನಿ, ಅಜ್ಜಿ ಒಂಬತ್ತು ವರ್ಷ ಬೇಡಿಕೊಂಡ ಹನಿ, ಮೂಗಿನ ಪಕ್ಕದಲ್ಲಿ ಇಳಿದು ಹೋಗುವುದನ್ನು ಅವಳು ಕಣ್ಣು ಮಿಟುಕಿಸದೆ ನೋಡಿದಳು.

ಮೊದಲು ಎಚ್ಚೆತ್ತವಳು ಸೊಸೆ. "ಇನ್ಮೇಲೆ ಹೀಗಾಗಲ್ಲ ತಾನೆ? ಗ್ಯಾರಂಟಿನಾ?"

"ಸವೆಯೋದು ಸವೀತಾನೇ ಇರುತ್ತೆ ಮೇಡಂ," ಎಂದ ಕಿವಿ. "ಆದ್ರೆ ದಿಢೀರಂತ ಕೈ ಕೊಡಲ್ಲ. ಮೊದಲು ಹೇಳುತ್ತೆ. ಮಗೂನ ಹತ್ತಿಸೋ ಮುಂಚೆ ಆ ಟಕ್ ಅನ್ನೋ ಶಬ್ದ ಕೇಳಿಸಿಕೊಳ್ಳಿ. ಮೊದಲ ಪದ್ಯ ಮುಗಿಯೋ ಒಳಗೆ ಕೇಳದಿದ್ರೆ ಹತ್ತಿಸಬೇಡಿ, ನನ್ನ ಹತ್ತಿರ ತನ್ನಿ. ಕೇಳೋರು ಮನೇಲೇ ಇದ್ದಾರಲ್ಲ." ಅವನು ಅಜ್ಜಿಯ ಕಡೆ ನೋಡಿದ. "ನಾನು ಮೂವತ್ತು ವರ್ಷ ಕಲಿತದ್ದು ಇವರಿಗೆ ಬಾಯಲ್ಲೇ ಇದೆ."

ಸೊಸೆಯ ಮುಖದಲ್ಲಿ ಗುರುವಾರ ಮತ್ತೆ ಬಂದು ಕೂತಿತು. ಸವೆಯುತ್ತಲೇ ಇರುತ್ತದೆ ಎಂಬುದು ಮಾತ್ರ ಅವಳಿಗೆ ಕೇಳಿಸಿತ್ತು. ಬಾಗಿಲು ಹಿಡಿದು, ಮತ್ತೆ ಹತ್ತಿ ಕೂತಿದ್ದ ಮಗಳ ಹತ್ತಿರ ಬಗ್ಗಿದಳು.

"ಬೆಣ್ಣೆ, ಒಂದೇ ಒಂದು ತಿಂಗಳು. ಕಾರು ಹೇಗಿರುತ್ತೆ ನೋಡೋಣ. ಅಲ್ಲೀವರೆಗೆ ಮನೇಲೇ ಓದ್ಕೋ ಕಂದಾ."

ಹುಡುಗಿ ಬೆಳಿಗ್ಗೆಯೇ ಯಾರಿಗೂ ಹೇಳದೆ ಕಾರಿಗೆ ಹಾಕಿಕೊಂಡು ಬಂದಿದ್ದ ಶಾಲೆಯ ಚೀಲವನ್ನು ಸೀಟಿನಡಿಯಿಂದ ಎಳೆದು ತೊಡೆಯ ಮೇಲಿಟ್ಟುಕೊಂಡಳು. ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದಳು.

"ನನ್ನ ಮಾತು ಕೇಳಲ್ಲ ಇವಳು," ಎಂದು ಸೊಸೆ ತಿರುಗಿದಳು. "ನಿಮ್ಮ ಮಾತು ತೆಗೆದುಹಾಕಲ್ಲ. ನೀವಾದ್ರೂ ಹೇಳಿ ಅತ್ತೆ, ಮನೇಲಿರು ಅಂತ."

ಈ ಸೊಸೆ ಮನೆಗೆ ಬಂದ ಹನ್ನೊಂದು ವರ್ಷದಲ್ಲಿ ಅಜ್ಜಿ ಅವಳ ಮಾತಿಗೆ ಎದುರಾಡಿದ್ದಿಲ್ಲ. ಹೂಂ ಎನ್ನುವುದೇ ಅವಳ ಸ್ವಭಾವ. ಅವಳು ಬಾನೆಟ್ಟಿನ ಕಡೆಗೊಮ್ಮೆ ಕಿವಿಗೊಟ್ಟಳು. ಅದರ ಕೆಳಗೆ ತಟ್ಟೆಯೂ ಗಾಲಿಯೂ ಒಂದಾಗಿ ತಿರುಗುತ್ತಿದ್ದವು. ಚಪ್ಪಲಿ ಮೆಟ್ಟಿಕೊಂಡು ಬಂದು ಮೊಮ್ಮಗಳ ಪಕ್ಕದಲ್ಲಿ ಕೂತು, ಬಾಗಿಲು ಎಳೆದುಕೊಂಡಳು.

"ಹೇಳಲ್ಲ," ಎಂದಳು.